ಬೆಲ್ಟಿಗೆ ಬೆಲೆ ಕಟ್ಟೋದು ಹೇಗೆ? ಕುಸ್ತಿ, ಬಾಕ್ಸಿಂಗ್ ಪಟ್ಟಗಳ ಒಳಲೆಕ್ಕ

ಕಾರವಾರ, ಕುಮಟಾ, ಶಿರಸಿ, ಹಳಿಯಾಳ, ಯಾವ ಊರಿನ ಬಸ್‌ಸ್ಟ್ಯಾಂಡ್ ಎದುರು ನಿಂತರೂ ಒಂದಲ್ಲ ಒಂದು ಸಲ ಇಂಥ ಫ್ಲೆಕ್ಸ್ ಕಣ್ಣಿಗೆ ಬಿದ್ದೇ ಬೀಳುತ್ತದೆ. ಹತ್ತು ಹನ್ನೆರಡರ ಹುಡುಗನೋ ಹುಡುಗಿಯೋ. ಕೊರಳಲ್ಲಿ ಪದಕ, ಹೆಗಲ ಮೇಲೆ ಊಟದ ತಟ್ಟೆಯಷ್ಟು ಅಗಲದ ಬಿಲ್ಲೆ ಇರುವ ಬೆಲ್ಟ್. ಕೆಳಗೆ ದಪ್ಪ ಅಕ್ಷರದಲ್ಲಿ ‘ವಿಶ್ವ ಚಾಂಪಿಯನ್’. ನೋಡಿದವರಿಗೆ ಖುಷಿಯಾಗುತ್ತದೆ, ಜೊತೆಗೆ ಸಣ್ಣ ಅನುಮಾನವೂ ಬರುತ್ತದೆ. ವಿಶ್ವ ಚಾಂಪಿಯನ್ ಅಂದ್ರೆ ಮುಂದಿನ ಸಲ ಒಲಿಂಪಿಕ್ಸಿಗೆ ಹೋಗ್ತಾನಾ? ಮತ್ತೆ ಪೇಪರಿನಲ್ಲಿ ಒಳಪುಟದಲ್ಲಿ ನಾಲ್ಕೇ ಸಾಲು ಯಾಕೆ?

ಇದು ಊರಿನ ಮಕ್ಕಳಿಗೆ ಮಾತ್ರ ಕೇಳುವ ಪ್ರಶ್ನೆ ಅಲ್ಲ. ಕೋಟಿಗಟ್ಟಲೆ ಡಾಲರ್ ಓಡಾಡುವ ಬಾಕ್ಸಿಂಗಿನಲ್ಲೂ ಒಬ್ಬನನ್ನು ಚಾಂಪಿಯನ್ ಅಂದ ಮರುಕ್ಷಣ ‘ಯಾರ ಚಾಂಪಿಯನ್?’ ಅಂತ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಗೊತ್ತಾದರೆ ಬೆಲ್ಟಿನ ಬೆಲೆಯೂ ಗೊತ್ತಾಗುತ್ತದೆ.

ಪದಕ ಬೇರೆ, ಪಟ್ಟ ಬೇರೆ

ಮೊದಲು ಇವೆರಡನ್ನು ಬಿಡಿಸಿಕೊಳ್ಳೋಣ. ಪದಕ ಅಂದರೆ ಒಂದು ಕೂಟದ ಫಲಿತಾಂಶ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಮೇರಿ ಕೋಮ್ ಗೆದ್ದ ಕಂಚು ಇವತ್ತಿಗೂ ಅವರದ್ದೇ. ಆಮೇಲೆ ಯಾರ ಎದುರು ಸೋತರೂ ಅದನ್ನು ಯಾರೂ ಕಿತ್ತುಕೊಳ್ಳಲು ಬರುವುದಿಲ್ಲ.

ಪಟ್ಟದ ಕತೆ ಬೇರೆ. ಅದು ಕುರ್ಚಿ ಇದ್ದ ಹಾಗೆ. ಕೂತವನನ್ನು ಸೋಲಿಸಿದವನು ಅದರ ಮೇಲೆ ಕೂರುತ್ತಾನೆ. ಬಾಕ್ಸಿಂಗಿನ ಬೆಲ್ಟ್ ಈ ಜಾತಿಗೆ ಸೇರಿದ್ದು. ಹೆವಿವೇಟ್, ಅಂದರೆ ಅತಿ ಭಾರದ ವಿಭಾಗದ ಬಾಕ್ಸರ್ ಜೋ ಲೂಯಿಸ್ 1937ರಿಂದ 1949ರ ತನಕ ಆ ಕುರ್ಚಿ ಬಿಡಲಿಲ್ಲ. ಸವಾಲು ಹಾಕಲು ಬಂದವರನ್ನು 25 ಸಲ ವಾಪಸ್ ಕಳಿಸಿದರು. ಆಗ ಹೆವಿವೇಟ್ ಚಾಂಪಿಯನ್ ಅಂದರೆ ಜಗತ್ತಿಗೆಲ್ಲ ಒಬ್ಬನೇ. ಹೆಸರು ಹೇಳಿದರೆ ಸಾಕಿತ್ತು.

ಹೀಗಾಗಿ ಪಟ್ಟಕ್ಕೆ ಎರಡು ಕಡೆಯಿಂದ ಬೆಲೆ ಬರುತ್ತದೆ. ಅದನ್ನು ಪಡೆಯಲು ಯಾರನ್ನು ಸೋಲಿಸಬೇಕಾಯಿತು ಅನ್ನೋದು ಒಂದು. ಪಡೆದ ಮೇಲೆ ಮುಂದಿನ ಗಟ್ಟಿ ಆಳು ಬಂದು ಬಾಗಿಲು ತಟ್ಟಿದಾಗ ತೆಗೆಯಲೇಬೇಕಾ, ಇಲ್ಲಾ ತಪ್ಪಿಸಿಕೊಳ್ಳಲು ದಾರಿ ಇದೆಯಾ ಅನ್ನೋದು ಇನ್ನೊಂದು. ಬಿಲ್ಲೆಯ ತೂಕ, ಹೊಳಪು, ಕೊಟ್ಟ ಸಂಸ್ಥೆಯ ಹೆಸರಿನಲ್ಲಿ ‘ವರ್ಲ್ಡ್’ ಇರುವುದು, ಇವು ಯಾವುವೂ ಲೆಕ್ಕಕ್ಕಿಲ್ಲ.

ಮಟ್ಟಿಯ ಮೇಲೆ ಹುಟ್ಟುವ ಪಟ್ಟ

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕುಸ್ತಿ ಅಂದರೆ ಘಟ್ಟದ ಮೇಲಿನ ಹಳಿಯಾಳ. ಬೆಳಗಾವಿ, ಧಾರವಾಡದ ಗಾಳಿ ಬೀಸುವ ತಾಲೂಕು ಅದು. ಕೆಂಪು ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಶಿನ ಬೆರೆಸಿ ಹದ ಮಾಡಿದ ಮಟ್ಟಿಯಲ್ಲಿ ಆಡುವ ಜಂಗಿ ನಿಕಾಲಿ ಕುಸ್ತಿ ನೋಡಿದವರಿಗೆ ಪಟ್ಟದ ಮೂಲ ಲೆಕ್ಕ ಬೇಗ ಅರ್ಥವಾಗುತ್ತದೆ. ಇಲ್ಲಿ ಪಾಯಿಂಟ್ ಇಲ್ಲ. ಎದುರಾಳಿಯನ್ನು ಚಿತ್ ಮಾಡಬೇಕು, ಬೆನ್ನು ಮಣ್ಣಿಗೆ ತಾಗಬೇಕು, ಅಷ್ಟೇ.

ಅಲ್ಲಿ ಗಮನಿಸಬೇಕಾದ್ದು ಜೋಡಿ ಕಟ್ಟುವ ಕೆಲಸ. ಯಾರ ಮೇಲೆ ಯಾರನ್ನು ಬಿಡಬೇಕು ಅಂತ ಹಳೇ ಪೈಲ್ವಾನರು, ವಸ್ತಾದಿಗಳು ಕೂತು ತೀರ್ಮಾನಿಸುತ್ತಾರೆ. ಸಣ್ಣ ಹುಡುಗರ ಜೋಡಿ ಮೊದಲು, ಒಂದನೇ ನಂಬರ್ ಕುಸ್ತಿ ಕಡೆಗೆ. ದುರ್ಬಲನ ಎದುರು ಗಟ್ಟಿಗನನ್ನು ಬಿಟ್ಟರೆ ಸುತ್ತ ಕೂತವರು ಸುಮ್ನೆ ಇರುವುದಿಲ್ಲ. ಕೇಕೆ ಹಾಕುತ್ತಾರೆ, ‘ಜೋಡಿ ಸರಿ ಇಲ್ಲ’ ಅಂತ ಗಲಾಟೆ ಎಬ್ಬಿಸುತ್ತಾರೆ. ಬೆಳ್ಳಿ ಗದೆ ಯಾರ ಹೆಗಲಿಗೆ ಹೋದರೂ ಅದಕ್ಕೆ ಮರ್ಯಾದೆ ಸಿಗುವುದು ಆ ಜೋಡಿ ಸರಿಸಮ ಇತ್ತು ಅಂತ ಜನ ಒಪ್ಪಿಕೊಂಡಾಗ ಮಾತ್ರ.

ಇದರ ಮೇಲೆ ಬಿರುದುಗಳ ಏಣಿ ಇದೆ. ಮೈಸೂರು ದಸರಾದಲ್ಲಿ ದಸರಾ ಕಂಠೀರವ, ದಸರಾ ಕೇಸರಿ. ರಾಜ್ಯಕ್ಕೆ ಕರ್ನಾಟಕ ಕೇಸರಿ. ದೇಶಕ್ಕೆ ಹಿಂದ್ ಕೇಸರಿ. 1959ರಲ್ಲಿ ಮೊದಲ ಹಿಂದ್ ಕೇಸರಿ ಆದವರು ಶ್ರೀಪತಿ ಖಂಚನಾಳೆ. ಹುಟ್ಟಿದ್ದು ನಮ್ಮ ಚಿಕ್ಕೋಡಿ ಕಡೆಯ ಎಕ್ಸಂಬಾದಲ್ಲಿ, ಬೆಳೆದದ್ದು ಕೊಲ್ಲಾಪುರದ ತಾಲೀಮಿನಲ್ಲಿ.

ಈ ಏಣಿ ಮುರಿಯುವುದು ಹೇಗೆ ಅನ್ನೋದಕ್ಕೆ ದೂರ ಹೋಗಬೇಕಿಲ್ಲ. ಪಕ್ಕದ ಮಹಾರಾಷ್ಟ್ರದಲ್ಲಿ ಕುಸ್ತಿ ಸಂಘಟನೆ ಎರಡು ಬಣ ಆಯಿತು. 2025ರಲ್ಲಿ ಎರಡೇ ತಿಂಗಳ ಅಂತರದಲ್ಲಿ, ಅದೂ ಅಹಿಲ್ಯಾನಗರ ಒಂದೇ ಜಿಲ್ಲೆಯಲ್ಲಿ, ಎರಡು ‘ಮಹಾರಾಷ್ಟ್ರ ಕೇಸರಿ’ ಕೂಟ ನಡೆದು ಇಬ್ಬರು ಮಹಾರಾಷ್ಟ್ರ ಕೇಸರಿಗಳಾದರು. ಇಬ್ಬರೂ ಬೆವರು ಸುರಿಸಿಯೇ ಗೆದ್ದವರು, ಅದರಲ್ಲಿ ಅನುಮಾನ ಇಲ್ಲ. ಆದರೆ ಒಂದೇ ಕುರ್ಚಿಗೆ ಇಬ್ಬರು ಅಂದಾಗ ಇಬ್ಬರ ಪಟ್ಟಕ್ಕೂ ಸ್ವಲ್ಪ ಕುಂದು ಬರುತ್ತದೆ.

ಗಾಮಾ ಪೈಲ್ವಾನನ ಕತೆಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. 1910ರಲ್ಲಿ ಲಂಡನ್ನಿಗೆ ಹೋದ ಗಾಮಾ ಪೋಲೆಂಡಿನ ಸ್ಟಾನಿಸ್ಲಾಸ್ ಬಿಸ್ಕೊ ಜೊತೆ ಎರಡೂವರೆ ತಾಸಿಗೂ ಜಾಸ್ತಿ ಹೊತ್ತು ಆಡಿದ. ಬಿಸ್ಕೊ ಬಹುತೇಕ ಹೊತ್ತು ಮ್ಯಾಟಿಗೆ ಹೊಟ್ಟೆ ಅಂಟಿಸಿ ಮಲಗಿಯೇ ಇದ್ದ. ಚಿತ್ ಮಾಡಲು ಬೆನ್ನು ಸಿಕ್ಕರೆ ತಾನೇ? ಡ್ರಾ ಆಯಿತು. ಒಂದು ವಾರ ಬಿಟ್ಟು ಮತ್ತೆ ದಿನ ಗೊತ್ತು ಮಾಡಿದರು. ಬಿಸ್ಕೊ ಬರಲೇ ಇಲ್ಲ. ಹಾಗಾಗಿ ‘ಜಾನ್ ಬುಲ್’ ಬೆಲ್ಟ್ ಗಾಮಾನಿಗೆ ಸಿಕ್ಕಿತು. ಬೆಲ್ಟ್ ಸೊಂಟಕ್ಕೆ ಬಂದರೂ ಸೋಲಿಸಬೇಕಾದವನನ್ನು ಸೋಲಿಸಿದ ಹಾಗೆ ಆಗಲಿಲ್ಲ ನೋಡಿ. 1928ರಲ್ಲಿ ಪಟಿಯಾಲದಲ್ಲಿ ಇಬ್ಬರೂ ಮತ್ತೆ ಎದುರಾದಾಗ ಗಾಮಾ ಒಂದು ನಿಮಿಷದ ಒಳಗೇ ಮುಗಿಸಿದ. ಜನ ನೆನಪಿಟ್ಟುಕೊಂಡಿದ್ದು ಆ ಒಂದು ನಿಮಿಷವನ್ನು.

ಒಂದೇ ತೂಕಕ್ಕೆ ನಾಲ್ಕು ವಿಶ್ವ ಚಾಂಪಿಯನ್

ಈಗ ವೃತ್ತಿಪರ ಬಾಕ್ಸಿಂಗಿಗೆ ಬರೋಣ. ಗೊಂದಲ ಜಾಸ್ತಿ ಇರುವುದು ಇಲ್ಲೇ.

ಕ್ರಿಕೆಟ್ಟಿಗೆ ಐಸಿಸಿ ಇದ್ದ ಹಾಗೆ ವೃತ್ತಿಪರ ಬಾಕ್ಸಿಂಗಿಗೆ ಒಂದು ತಲೆ ಇಲ್ಲ. ನಾಲ್ಕು ಖಾಸಗಿ ಸಂಸ್ಥೆಗಳಿವೆ: ಡಬ್ಲ್ಯೂಬಿಎ, ಡಬ್ಲ್ಯೂಬಿಸಿ, ಐಬಿಎಫ್, ಡಬ್ಲ್ಯೂಬಿಒ. ಮೊದಲನೆಯದರ ಬೇರು 1921ರಷ್ಟು ಹಳೆಯದು. ಡಬ್ಲ್ಯೂಬಿಸಿ 1963ರಲ್ಲಿ, ಐಬಿಎಫ್ 1983ರಲ್ಲಿ, ಡಬ್ಲ್ಯೂಬಿಒ 1988ರಲ್ಲಿ ಬಂದವು. ನಾಲ್ಕೂ ತಮ್ಮ ತಮ್ಮ ‘ವಿಶ್ವ ಚಾಂಪಿಯನ್’ನನ್ನು ಆರಿಸುತ್ತವೆ. ತೂಕದ ವಿಭಾಗಗಳು 17. ಗುಣಿಸಿದರೆ ಗಂಡಸರಲ್ಲೇ 68 ವಿಶ್ವ ಪಟ್ಟ. ಡಬ್ಲ್ಯೂಬಿಸಿ 2020ರಲ್ಲಿ ಇನ್ನೊಂದು ತೂಕವನ್ನೂ ಸೇರಿಸಿಕೊಂಡಿತು. ಇದರ ಮೇಲೆ ‘ಸೂಪರ್’ ಚಾಂಪಿಯನ್, ‘ರೆಗ್ಯುಲರ್’ ಚಾಂಪಿಯನ್, ‘ಇಂಟೆರಿಮ್’ ಚಾಂಪಿಯನ್. ಇಂಟೆರಿಮ್ ಅಂದರೆ ಅಸಲಿ ಚಾಂಪಿಯನ್ ಗಾಯಗೊಂಡೋ ಬೇರೆ ಕಾರಣಕ್ಕೋ ಆಡಲಾಗದಿದ್ದಾಗ ನೇಮಿಸುವ ಹಂಗಾಮಿ.

ಇಷ್ಟೊಂದು ಪಟ್ಟ ಯಾಕೆ? ದುಡ್ಡಿನ ದಾರಿ ಹಿಡಿದು ಹೋದರೆ ಗೊತ್ತಾಗುತ್ತದೆ. ಬೆಲ್ಟ್ ಕೊಡುವ ಸಂಸ್ಥೆ ಬಾಕ್ಸರಿಗೆ ಬಹುಮಾನ ಕೊಡುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಆಗುವುದು ಉಲ್ಟಾ. ಬಾಕ್ಸರಿಗೆ ಸಂಭಾವನೆ ಕೊಡುವವನು ಪಂದ್ಯ ಏರ್ಪಡಿಸುವ ಪ್ರಮೋಟರ್. ಆ ಸಂಭಾವನೆಯಲ್ಲಿ ಒಂದು ಪಾಲನ್ನು ಬಾಕ್ಸರೇ ಸಂಸ್ಥೆಗೆ ಕಟ್ಟಬೇಕು, ‘ಈ ಪಂದ್ಯಕ್ಕೆ ನಿಮ್ಮ ಪಟ್ಟದ ಮುದ್ರೆ ಒತ್ತಿಕೊಡಿ’ ಅಂತ. ಅದಕ್ಕೆ ಸ್ಯಾಂಕ್ಷನ್ ಫೀ ಅನ್ನುತ್ತಾರೆ. ಪಟ್ಟದ ಪಂದ್ಯ ಜಾಸ್ತಿಯಾದಷ್ಟೂ ಫೀ ಜಾಸ್ತಿ. ಹೊಸ ಹೊಸ ಬೆಲ್ಟ್ ಹುಟ್ಟುವ ಗುಟ್ಟು ಇದು.

2015ರಲ್ಲಿ ಫ್ಲಾಯ್ಡ್ ಮೇವೆದರ್, ಮ್ಯಾನಿ ಪಕಿಯಾವೊನನ್ನು ಸೋಲಿಸಿ ಡಬ್ಲ್ಯೂಬಿಒ ಬೆಲ್ಟನ್ನೂ ಗೆದ್ದ. ಆ ಒಂದು ರಾತ್ರಿಗೆ ಅವನ ಗಳಿಕೆ 20 ಕೋಟಿ ಡಾಲರಿಗೂ ಮೇಲೆ. ಸಂಸ್ಥೆಗೆ ಕಟ್ಟಬೇಕಿದ್ದ ಫೀ 2 ಲಕ್ಷ ಡಾಲರ್. ಗಡುವಿನೊಳಗೆ ಕಟ್ಟಲಿಲ್ಲ, ಸಂಸ್ಥೆ ಪಟ್ಟ ಕಿತ್ತುಕೊಂಡಿತು. ಮೇವೆದರ್ ತಲೆ ಕೆಡಿಸಿಕೊಳ್ಳಲಿಲ್ಲ. ಪಕಿಯಾವೊನನ್ನು ಸೋಲಿಸಿದ್ದನ್ನು ಜಗತ್ತು ಕಣ್ಣಾರೆ ಕಂಡಿತ್ತು. ಬೆಲ್ಟ್ ಇದ್ದರೆಷ್ಟು, ಬಿಟ್ಟರೆಷ್ಟು?

ಪಟ್ಟ ಕಿತ್ತುಕೊಳ್ಳುವ ಈ ಅಧಿಕಾರ ವಿಚಿತ್ರ ಫಲಿತಾಂಶಗಳನ್ನೂ ಕೊಟ್ಟಿದೆ. 1978ರಲ್ಲಿ ಲಿಯಾನ್ ಸ್ಪಿಂಕ್ಸ್ ಎಂಬ ಹೊಸಬ ಮಹಮ್ಮದ್ ಅಲಿಯನ್ನೇ ಸೋಲಿಸಿಬಿಟ್ಟ. ಮುಂದೆ ಕೆನ್ ನಾರ್ಟನ್ ಜೊತೆ ಆಡಬೇಕು ಅಂತ ಡಬ್ಲ್ಯೂಬಿಸಿ ಹೇಳಿತು. ಸ್ಪಿಂಕ್ಸ್ ಅಲಿಯ ಜೊತೆ ಮರುಪಂದ್ಯ ಆರಿಸಿಕೊಂಡ. ಡಬ್ಲ್ಯೂಬಿಸಿ ಅವನ ಪಟ್ಟ ತೆಗೆದು, ಪಟ್ಟದ ಪಂದ್ಯವನ್ನೇ ಗೆಲ್ಲದ ನಾರ್ಟನ್‌ನನ್ನು ಚಾಂಪಿಯನ್ ಅಂತ ಘೋಷಿಸಿತು. ಅದೇ ವರ್ಷ ನಾರ್ಟನ್ ಲ್ಯಾರಿ ಹೋಮ್ಸ್‌ಗೆ ಸೋತ. ಹೆವಿವೇಟ್ ಪಟ್ಟದ ಪಂದ್ಯವೊಂದನ್ನೂ ಗೆಲ್ಲದ ಹೆವಿವೇಟ್ ಚಾಂಪಿಯನ್ ಆಗಿ ದಾಖಲೆಯಲ್ಲಿ ಉಳಿದ.

1992ರ ಡಿಸೆಂಬರಿನಲ್ಲಿ ಹೆವಿವೇಟ್ ಚಾಂಪಿಯನ್ ರಿಡಿಕ್ ಬೋ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಲೆನಾಕ್ಸ್ ಲೂಯಿಸ್ ಜೊತೆ ಆಡು ಅಂತ ಡಬ್ಲ್ಯೂಬಿಸಿ ಒತ್ತಡ ಹಾಕಿದಾಗ ಲಂಡನ್ನಿನಲ್ಲಿ ಪತ್ರಕರ್ತರ ಕ್ಯಾಮೆರಾ ಎದುರೇ ಆ ಸಂಸ್ಥೆಯ ಹಸಿರು ಬೆಲ್ಟನ್ನು ಕಸದ ಡಬ್ಬಿಗೆ ಹಾಕಿದ. ಬೋ ಅಭಿಮಾನಿಗಳು ಇದನ್ನು ಗತ್ತು ಅಂದರು. ಲೂಯಿಸ್ ಅಭಿಮಾನಿಗಳಿಗೆ ಕಂಡದ್ದು ಹೆದರಿಕೆ. ಬೋ, ಲೂಯಿಸ್ ಇಬ್ಬರೂ ವೃತ್ತಿಪರ ರಿಂಗಿನಲ್ಲಿ ಎಂದೂ ಎದುರಾಗಲಿಲ್ಲ, ಹಾಗಾಗಿ ಜಗಳ ಇನ್ನೂ ಮುಗಿದಿಲ್ಲ.

ಶಿರಸಿಯ ಅಡಿಕೆ ಮಾರುಕಟ್ಟೆಗೆ ಹೋದವರಿಗೆ ಇದನ್ನು ಹೇಳುವುದು ಸುಲಭ. ಚೀಲದ ಮೇಲೆ ರಾಶಿ ಅಂತ ಬರೆಯಿರಿ, ಬೆಟ್ಟೆ ಅಂತ ಬರೆಯಿರಿ, ವ್ಯಾಪಾರಿ ಒಂದು ಹಿಡಿ ತೆಗೆದು, ಒಂದೆರಡು ಒಡೆದು ನೋಡಿಯೇ ಟೆಂಡರ್ ಹಾಕುತ್ತಾನೆ. ಬಾಕ್ಸಿಂಗಿನ ಅನುಭವಿ ನೋಡುಗನೂ ಹಾಗೇ. ಬೆಲ್ಟಿನ ಹೆಸರು ಓದಿ ಬಿಟ್ಟುಬಿಡುತ್ತಾನೆ, ಎದುರಿಗೆ ನಿಂತವರು ಯಾರ್ಯಾರು ಅಂತ ಪಟ್ಟಿ ತೆಗೆಯುತ್ತಾನೆ.

ಅದಕ್ಕೇ ಎರಡು ಮಾತು ಹುಟ್ಟಿಕೊಂಡವು. ನಾಲ್ಕೂ ಬೆಲ್ಟ್ ಒಬ್ಬನ ಹತ್ತಿರ ಸೇರಿದರೆ ಅವನು ‘ನಿರ್ವಿವಾದ’ ಚಾಂಪಿಯನ್, ಅವರ ಬಾಯಲ್ಲಿ ಅನ್‌ಡಿಸ್ಪ್ಯೂಟೆಡ್. ಹಿಂದಿನ ಚಾಂಪಿಯನ್ನನನ್ನು ಸೋಲಿಸಿದವನನ್ನು ಸೋಲಿಸಿದವನು, ಹೀಗೆ ಸರಪಳಿ ಹಿಡಿದು ಬಂದವನು ‘ಲಿನಿಯಲ್’ ಚಾಂಪಿಯನ್. ಎರಡನೆಯದಕ್ಕೆ ಬೆಲ್ಟೇ ಬೇಕಿಲ್ಲ, ಸಂಸ್ಥೆಯೂ ಬೇಕಿಲ್ಲ. ಹಳಿಯಾಳದ ಮಟ್ಟಿಯ ಲೆಕ್ಕಕ್ಕೆ ಅದು ಹತ್ತಿರ.

ನಿರ್ವಿವಾದ ಆಗುವುದು ಎಷ್ಟು ಕಷ್ಟ? ಹೆವಿವೇಟಿನಲ್ಲಿ 1999ರಲ್ಲಿ ಲೆನಾಕ್ಸ್ ಲೂಯಿಸ್ (ಆಗ ಲೆಕ್ಕಕ್ಕಿದ್ದದ್ದು ಮೂರೇ ಬೆಲ್ಟ್) ಆದ ಮೇಲೆ 2024ರ ಮೇ ತಿಂಗಳ ತನಕ ಯಾರೂ ಆಗಲಿಲ್ಲ. ಆಗ ಉಕ್ರೇನಿನ ಒಲೆಕ್ಸಾಂಡರ್ ಉಸಿಕ್, ರಿಯಾದಿನಲ್ಲಿ ಟೈಸನ್ ಫ್ಯೂರಿಯನ್ನು ಸೋಲಿಸಿ ನಾಲ್ಕೂ ಬೆಲ್ಟ್ ಹೊತ್ತ. ಎರಡು ತಿಂಗಳೊಳಗೆ ಒಂದನ್ನು ಬಿಟ್ಟುಕೊಡಬೇಕಾಯಿತು. ಒಂದು ಸಂಸ್ಥೆ ಗೊತ್ತು ಮಾಡಿದ ಎದುರಾಳಿಯ ಬದಲು ಫ್ಯೂರಿ ಜೊತೆಗಿನ ಮರುಪಂದ್ಯಕ್ಕೆ ಅವನು ಒಪ್ಪಿಕೊಂಡಿದ್ದ.

ಹಾಗಾದ್ರೆ ಬೆಲ್ಟಿಗೆ ಯಾಕೆ ಒದ್ದಾಡುತ್ತಾರೆ?

ಮೇವೆದರ್‌ನಂಥವರಿಗೆ ಬೆಲ್ಟ್ ಬೇಡ. ಅವರ ಹೆಸರೇ ಟಿಕೆಟ್ ಮಾರುತ್ತದೆ. ಆದರೆ ಬಡ ಮನೆಯ, ಹೆಸರಿಲ್ಲದ ಬಾಕ್ಸರಿಗೆ ಅದು ಬಾಗಿಲು. ಪ್ರತಿ ಸಂಸ್ಥೆಯೂ ಒಂದು ರ‍್ಯಾಂಕಿಂಗ್ ಪಟ್ಟಿ ಇಟ್ಟಿರುತ್ತದೆ. ಅದರ ತುದಿಗೆ ಬಂದವನು ‘ಮ್ಯಾಂಡೇಟರಿ’ ಸವಾಲುದಾರ ಆಗುತ್ತಾನೆ. ಗಡುವಿನೊಳಗೆ ಚಾಂಪಿಯನ್ ಅವನ ಜೊತೆ ಆಡಬೇಕು, ಇಲ್ಲವೇ ಪಟ್ಟ ಬಿಡಬೇಕು. ದೊಡ್ಡವರು ಸಣ್ಣವರನ್ನು ತಪ್ಪಿಸಿಕೊಂಡು ಓಡಾಡದಂತೆ ತಡೆಯುವ ಒಂದೇ ನಿಯಮ ಇದು. ಮೇಲೆ ಬೈದ ಸಂಸ್ಥೆಗಳಿಂದ ಇಷ್ಟಾದರೂ ಉಪಕಾರ ಇದೆ.

ಸಣ್ಣ ಬೆಲ್ಟುಗಳ ಬಳಕೆಯೂ ಇಲ್ಲೇ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ವಿಜೇಂದರ್ ಸಿಂಗ್ 2015ರಲ್ಲಿ ವೃತ್ತಿಪರರಾದರು. 2016ರ ಜುಲೈನಲ್ಲಿ ದೆಹಲಿಯಲ್ಲಿ ಕೆರಿ ಹೋಪ್‌ನನ್ನು ಸೋಲಿಸಿ ಡಬ್ಲ್ಯೂಬಿಒ ಏಷ್ಯಾ ಪೆಸಿಫಿಕ್ ಪಟ್ಟ ಗೆದ್ದರು. ನಮ್ಮಲ್ಲಿ ಅನೇಕರು ಅದನ್ನು ವಿಶ್ವ ಪಟ್ಟ ಅಂತಲೇ ತಿಳಿದರು. ಅದು ಪ್ರಾದೇಶಿಕ ಪಟ್ಟ, ರ‍್ಯಾಂಕಿಂಗ್ ಏಣಿಯ ಮೆಟ್ಟಿಲು. ವಿಶ್ವ ಪಟ್ಟದ ಪಂದ್ಯ ಅವರಿಗೆ ಸಿಗಲಿಲ್ಲ. 2021ರ ಮಾರ್ಚಿನಲ್ಲಿ ಪಣಜಿಯ ಕ್ಯಾಸಿನೊ ಹಡಗಿನ ಮೇಲೆ ರಷ್ಯಾದ ಆರ್ಟಿಶ್ ಲೋಪ್ಸನ್ ಅವರಿಗೆ ವೃತ್ತಿಪರ ಜೀವನದ ಮೊದಲ ಸೋಲು ಕಾಣಿಸಿದ. ಕಾರವಾರದಿಂದ ಕಾಳಿ ಸೇತುವೆ ದಾಟಿ ಗೋವಾ ಹಾದಿ ಹಿಡಿದರೆ ಸಂಜೆಯೊಳಗೆ ಹೋಗಿ ಬರುವಷ್ಟು ಹತ್ತಿರದಲ್ಲಿ ನಡೆದ ಪಂದ್ಯ ಅದು. ಇಲ್ಲಿ ಎಷ್ಟು ಜನಕ್ಕೆ ಸುದ್ದಿ ಮುಟ್ಟಿತ್ತೋ!

ಯುಎಫ್‌ಸಿ: ಕಂಪನಿಯೇ ಕೊಡುವ ಬೆಲ್ಟ್

ಗುದ್ದು, ಒದೆ, ಹಿಡಿತ ಎಲ್ಲ ಸೇರಿದ ಎಂಎಂಎ ಆಟದಲ್ಲಿ 1993ರಲ್ಲಿ ಶುರುವಾದ ಯುಎಫ್‌ಸಿ ದೊಡ್ಡ ಹೆಸರು. ಅಲ್ಲಿ ಗೊಂದಲ ಕಡಿಮೆ. ಒಂದು ತೂಕಕ್ಕೆ ಒಬ್ಬ ಚಾಂಪಿಯನ್, ಹೆಚ್ಚೆಂದರೆ ಜೊತೆಗೊಬ್ಬ ಇಂಟೆರಿಮ್. ಆದರೆ ಪಂದ್ಯ ನಡೆಸುವವರು, ಎದುರಾಳಿ ಆರಿಸುವವರು, ಬೆಲ್ಟ್ ಕೊಡುವವರು ಎಲ್ಲ ಒಂದೇ ಕಂಪನಿ. ಬಾಕ್ಸಿಂಗಿನಲ್ಲಿ ಪ್ರಮೋಟರ್ ಮತ್ತು ಪಟ್ಟ ಕೊಡುವವರು ಬೇರೆ ಬೇರೆ ಇರುತ್ತಾರೆ. ಬಾಕ್ಸರುಗಳ ರಕ್ಷಣೆಗೆ ಅಮೆರಿಕ 2000ದಲ್ಲಿ ಮಹಮ್ಮದ್ ಅಲಿ ಹೆಸರಿನಲ್ಲೇ ಕಾನೂನನ್ನೂ ತಂದಿತು. ಎಂಎಂಎಗೆ ಅದು ಅನ್ವಯಿಸುವುದಿಲ್ಲ.

ಪರಿಣಾಮ ಏನು? ಕಾನರ್ ಮೆಕ್‌ಗ್ರೆಗರ್ 2016ರ ನವೆಂಬರಿನಲ್ಲಿ ಏಕಕಾಲಕ್ಕೆ ಎರಡು ತೂಕದ ಬೆಲ್ಟ್ ಹೊಂದಿದ ಮೊದಲ ಯುಎಫ್‌ಸಿ ಆಟಗಾರನಾದ. ಎರಡರಲ್ಲಿ ಒಂದನ್ನೂ ಅವನು ಒಂದು ಸಲವೂ ಕಾಪಾಡಿಕೊಳ್ಳಲಿಲ್ಲ. ಕಾಪಾಡಿಕೊಳ್ಳುವ ಪಂದ್ಯವನ್ನೇ ಆಡಲಿಲ್ಲ ಅನ್ನಬೇಕು. ಮುಂದಿನ ವರ್ಷ ಮೇವೆದರ್ ಜೊತೆ ಬಾಕ್ಸಿಂಗ್ ಆಡಲು ಹೋದ, ಅದರಲ್ಲಿ ದುಡ್ಡು ಜಾಸ್ತಿ ಇತ್ತು. ಜೋ ಲೂಯಿಸನ ಆ 25ರ ಪಕ್ಕ ಇದನ್ನಿಟ್ಟು ನೋಡಿ.

ತಕ್ಕಡಿಯ ಮೇಲೆ ಹೋದ ಪಟ್ಟ

2024ರ ಆಗಸ್ಟಿನಲ್ಲಿ ಪ್ಯಾರಿಸ್ಸಿನಲ್ಲಿ ವಿನೇಶ್ ಫೋಗಟ್‌ಗೆ ಆದದ್ದನ್ನು ಯಾರೂ ಮರೆತಿಲ್ಲ. 50 ಕೆ.ಜಿ. ವಿಭಾಗದ ಫೈನಲ್ ದಿನ ಬೆಳಗ್ಗೆ 100 ಗ್ರಾಂ ಜಾಸ್ತಿ. ಫೈನಲ್ ಹೋಯಿತು, ಖಾತ್ರಿಯಾಗಿದ್ದ ಬೆಳ್ಳಿಯೂ ಹೋಯಿತು. ಅಂತಾರಾಷ್ಟ್ರೀಯ ಕುಸ್ತಿಯ ನಿಯಮದಲ್ಲಿ ಎರಡೂ ದಿನ ತೂಗುತ್ತಾರೆ. ಎರಡನೇ ದಿನ ತಪ್ಪಿದರೂ ಮೊದಲ ದಿನದ ಗೆಲುವುಗಳು ಲೆಕ್ಕಕ್ಕಿಲ್ಲ, ಕೊನೆಯ ಸ್ಥಾನ.

ವೃತ್ತಿಪರ ಆಟದಲ್ಲಿ ಇದೇ ತಪ್ಪಾದರೆ ಸಾಮಾನ್ಯವಾಗಿ ಪಂದ್ಯ ನಿಲ್ಲುವುದಿಲ್ಲ, ಪಟ್ಟ ಮಾತ್ರ ಹೋಗುತ್ತದೆ. 2022ರ ಮೇ ತಿಂಗಳಲ್ಲಿ ಯುಎಫ್‌ಸಿ ಚಾಂಪಿಯನ್ ಚಾರ್ಲ್ಸ್ ಒಲಿವೇರಾ ಅರ್ಧ ಪೌಂಡ್, ಅಂದರೆ ಸುಮಾರು 225 ಗ್ರಾಂ ಜಾಸ್ತಿ ತೂಗಿದ. ತಕ್ಕಡಿಯ ಮೇಲೆಯೇ ಬೆಲ್ಟ್ ಹೋಯಿತು. ಮರುದಿನ ಅವನು ಜಸ್ಟಿನ್ ಗೇಚಿಯನ್ನು ಮೊದಲ ಸುತ್ತಿನಲ್ಲೇ ಸೋಲಿಸಿದ. ಗೆದ್ದವನಿಗೂ ಬೆಲ್ಟ್ ಇಲ್ಲ, ಸೋತವನಿಗೂ ಇಲ್ಲ. ಕುರ್ಚಿ ಖಾಲಿ.

ಇಷ್ಟು ಕಟ್ಟುನಿಟ್ಟು ಯಾಕೆ ಅಂದರೆ ಪಟ್ಟ ಸೇರಿರುವುದು ತೂಕಕ್ಕೆ. ಜೋಡಿ ಸರಿಸಮ ಇರಬೇಕು ಅನ್ನುವ ಮಟ್ಟಿಯ ನಿಯಮವನ್ನೇ ಇಲ್ಲಿ ಯಂತ್ರ ಕಾಯುತ್ತದೆ.

ಡಬ್ಲ್ಯೂಡಬ್ಲ್ಯೂಇ ಬೆಲ್ಟ್?

ಅಲ್ಲಿ ಫಲಿತಾಂಶ ಮೊದಲೇ ಬರೆದಿರುತ್ತಾರೆ. ದಿ ಗ್ರೇಟ್ ಖಲಿ 2007ರಲ್ಲಿ, ಜಿಂದರ್ ಮಹಲ್ 2017ರಲ್ಲಿ ವಿಶ್ವ ಪಟ್ಟ ಪಡೆದರು. ಪಾತ್ರ ಸಿಕ್ಕ ಹಾಗೆ ಅನ್ನಿ. ಮೈಮೇಲೆ ಬೀಳುವ ಪೆಟ್ಟು, ಮುರಿಯುವ ಎಲುಬು ಮಾತ್ರ ನಿಜ. ಹಳೇ ಕಾಲದಲ್ಲಿ ಎನ್‌ಡಬ್ಲ್ಯೂಎ ಎಂಬ ಒಕ್ಕೂಟ ತನ್ನ ಚಾಂಪಿಯನ್ನನ ಹತ್ತಿರ 25 ಸಾವಿರ ಡಾಲರ್ ಠೇವಣಿ ಇಡಿಸಿಕೊಳ್ಳುತ್ತಿತ್ತು. ‘ಸೋಲು’ ಅಂದಾಗ ಸೋಲದೆ ಬೆಲ್ಟ್ ಎತ್ತಿಕೊಂಡು ಓಡಿಹೋದರೆ ಅಂತ ಭಯ. 1991ರಲ್ಲಿ ಚಾಂಪಿಯನ್ ಆಗಿದ್ದ ರಿಕ್ ಫ್ಲೇರ್ ತನ್ನ ಕಂಪನಿ ಬಿಟ್ಟಾಗ ಠೇವಣಿ ವಾಪಸ್ ಸಿಗಲಿಲ್ಲ. ಬೆಲ್ಟ್ ಸಮೇತ ಎದುರು ಕಂಪನಿಯ ಟಿವಿಯಲ್ಲಿ ಕಾಣಿಸಿಕೊಂಡ! ಬೆಲ್ಟಿಗೆ ನಿಜವಾಗಿಯೂ ರೂಪಾಯಿ ಲೆಕ್ಕದ ಬೆಲೆ ಇದ್ದದ್ದು ಬಹುಶಃ ಇದೊಂದೇ ಕಡೆ.

ಮಗಳು ತಂದ ಸರ್ಟಿಫಿಕೇಟ್ ಎಲ್ಲಿ ನಡೆಯುತ್ತದೆ?

ಪಾಲಕರಿಗೆ ಬೇಕಾದ್ದು ಈ ಭಾಗ. ಕುಸ್ತಿಯಲ್ಲಿ ದಾರಿ ಒಂದೇ ಗೆರೆಯಲ್ಲಿದೆ: ಜಿಲ್ಲೆ, ರಾಜ್ಯ, ರಾಷ್ಟ್ರ, ಏಷ್ಯನ್, ವಿಶ್ವ, ಒಲಿಂಪಿಕ್ಸ್. ಒಂದು ಹಂತದಲ್ಲಿ ಗೆದ್ದರೆ ಮುಂದಿನ ಹಂತ. ವಿಶ್ವ ಮಟ್ಟದಲ್ಲಿ ಯುನೈಟೆಡ್ ವರ್ಲ್ಡ್ ರೆಸ್ಲಿಂಗ್ ಒಂದೇ ಸಂಸ್ಥೆ. ಹಾಗಂತ ಅಲ್ಲೂ ತೊಡಕು ಬರುವುದುಂಟು. 2023ರ ಆಗಸ್ಟಿನಲ್ಲಿ ಭಾರತೀಯ ಕುಸ್ತಿ ಒಕ್ಕೂಟ ಸಮಯಕ್ಕೆ ಚುನಾವಣೆ ನಡೆಸದ್ದಕ್ಕೆ ಅದು ಅಮಾನತಾಯಿತು. ಮುಂದಿನ ತಿಂಗಳು ಬೆಲ್‌ಗ್ರೇಡಿನ ವಿಶ್ವ ಕೂಟದಲ್ಲಿ ಅಂತಿಮ್ ಪಂಘಲ್ ಕಂಚು ಗೆದ್ದದ್ದು ತ್ರಿವರ್ಣದ ಕೆಳಗಲ್ಲ, ಸಂಸ್ಥೆಯ ಬಾವುಟದ ಕೆಳಗೆ.

ಅಮೆಚೂರ್, ಅಂದರೆ ವೃತ್ತಿಪರವಲ್ಲದ ಬಾಕ್ಸಿಂಗಿನಲ್ಲಿ ಈಗ ಎರಡು ವಿಶ್ವ ಸಂಸ್ಥೆ. ಹಳೆಯ ಐಬಿಎಗೆ ಇದ್ದ ಮಾನ್ಯತೆಯನ್ನು ಒಲಿಂಪಿಕ್ ಸಮಿತಿ 2023ರಲ್ಲಿ ವಾಪಸ್ ಪಡೆಯಿತು. 2025ರಲ್ಲಿ ‘ವರ್ಲ್ಡ್ ಬಾಕ್ಸಿಂಗ್’ ಎಂಬ ಹೊಸ ಸಂಸ್ಥೆಗೆ ತಾತ್ಕಾಲಿಕ ಮಾನ್ಯತೆ ಕೊಟ್ಟಿತು. ಅದೇ ವರ್ಷ ಲಿವರ್‌ಪೂಲಿನಲ್ಲಿ ಜಾಸ್ಮಿನ್ ಲಂಬೋರಿಯಾ, ಮೀನಾಕ್ಷಿ ಹೂಡಾ ಚಿನ್ನ ಗೆದ್ದದ್ದು ಈ ಹೊಸ ಸಂಸ್ಥೆಯ ಕೂಟದಲ್ಲಿ.

ಕರಾಟೆ, ಕಿಕ್‌ಬಾಕ್ಸಿಂಗಿನಲ್ಲಿ ಮಾತ್ರ ಸಂಘಗಳಿಗೆ ಲೆಕ್ಕವಿಲ್ಲ. ಕರಾಟೆ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿತ್ತು, ಪ್ಯಾರಿಸ್ಸಿನಲ್ಲಿ ಇರಲಿಲ್ಲ. ಒಂದೊಂದು ಶೈಲಿಗೂ ಒಂದೊಂದು ಸಂಘ, ಒಂದೊಂದು ಸಂಘಕ್ಕೂ ಒಂದೊಂದು ‘ವಿಶ್ವ’ ಕೂಟ. ನಾಲ್ಕಾರು ದೇಶದ ಕ್ಲಬ್ಬುಗಳು ಪ್ರವೇಶ ಶುಲ್ಕ ಕಟ್ಟಿ ಬಂದರೆ ಅದನ್ನೇ ಅಂತಾರಾಷ್ಟ್ರೀಯ ಅನ್ನಲು ಅಡ್ಡಿಯಿಲ್ಲ. ವಯಸ್ಸು, ತೂಕ, ಬೆಲ್ಟಿನ ಬಣ್ಣ ಅಂತ ವಿಭಾಗ ಮಾಡುತ್ತ ಹೋದರೆ ಒಂದು ವಿಭಾಗದಲ್ಲಿ ಮೂರ್ನಾಲ್ಕೇ ಮಕ್ಕಳು ಉಳಿಯಬಹುದು. ಮಗುವಿನ ಶ್ರಮ ಸುಳ್ಳಲ್ಲ. ರಿಂಗಿಗೆ ಇಳಿಯಲು ಬೇಕಾದ ಧೈರ್ಯವೂ ಸುಳ್ಳಲ್ಲ. ಸರ್ಟಿಫಿಕೇಟ್ ಎಷ್ಟು ದೂರ ನಡೆಯುತ್ತದೆ ಅನ್ನೋದು ಬೇರೆ ಮಾತು.

ಕೇಂದ್ರ ಸರ್ಕಾರದ ಕ್ರೀಡಾ ಕೋಟಾದ ನೌಕರಿಗೆ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು. ದೇಶದ ಪರ ಆಡಿದ್ದಕ್ಕೆ ಫಾರ್ಮ್ 1, ಅದನ್ನು ಕೊಡಬೇಕಾದ್ದು ರಾಷ್ಟ್ರೀಯ ಒಕ್ಕೂಟ. ರಾಜ್ಯದ ಪರ ರಾಷ್ಟ್ರೀಯ ಕೂಟದಲ್ಲಿ ಆಡಿದ್ದಕ್ಕೆ ಫಾರ್ಮ್ 2, ರಾಜ್ಯ ಸಂಘದಿಂದ. ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ಫಾರ್ಮ್ 3, ರಾಷ್ಟ್ರೀಯ ಶಾಲಾ ಕ್ರೀಡಾಕೂಟಕ್ಕೆ ಫಾರ್ಮ್ 4. ಖಾಸಗಿ ‘ವಿಶ್ವ’ ಕೂಟದ ಚಿನ್ನಕ್ಕೆ ಈ ನಾಲ್ಕರಲ್ಲಿ ಜಾಗವಿಲ್ಲ. ಶಾಲೆಯ ಕಡೆಯಿಂದ ತಾಲೂಕು, ಜಿಲ್ಲೆ ದಾಟಿ ರಾಷ್ಟ್ರೀಯ ಶಾಲಾ ಕೂಟಕ್ಕೆ ಹೋಗಿ ಬರಿಗೈಲಿ ಬಂದ ಹುಡುಗಿಗೆ ಕೇಳಿದರೆ ಸಿಗಬಹುದಾದ ಕಾಗದ, ಹೊಳೆಯುವ ಬೆಲ್ಟ್ ತಂದವಳಿಗೆ ಸಿಗದೇ ಹೋಗಬಹುದು. ಆಯಾ ನೇಮಕಾತಿಯಲ್ಲಿ ಯಾವ ಆಟ, ಯಾವ ಮಟ್ಟ ಕೇಳಿದ್ದಾರೆ ಅನ್ನೋದು ಪ್ರಕಟಣೆಯಲ್ಲೇ ಇರುತ್ತದೆ. ಹಾಗಾಗಿ ವಿದೇಶದ ಕೂಟಕ್ಕೆ ಸಾವಿರಾರು ರೂಪಾಯಿ ಕಟ್ಟುವ ಮೊದಲು ಕೋಚ್ ಹತ್ತಿರ ಎರಡು ಮಾತು ಕೇಳಿ: ಇದಕ್ಕೆ ಆಯ್ಕೆ ಪಂದ್ಯ ಎಲ್ಲಿ ನಡೆಯಿತು? ಗೆದ್ದರೆ ಯಾವ ನಂಬರಿನ ಫಾರ್ಮ್ ಸಿಗುತ್ತದೆ? ಜಿಲ್ಲಾ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಚೇರಿ ಕಾರವಾರದಲ್ಲೇ ಇದೆ. ಅಲ್ಲೂ ವಿಚಾರಿಸಬಹುದು.